ಅಂಕಲಿಯ ಸಾವಕ್ಕ ಭಾರ ಎತ್ತಿದ್ದು

ಅಂಕಲಿಯ ಹಿಟ್ಟಿನ ಗಿರಣಿಗೆ ಆ ದಿನ ಹಮಾಲ ಬಂದಿರಲಿಲ್ಲ. ತೂಕದ ಕಾಟಾದ ಮುಂದೆ ಜೋಳದ ಚೀಲಗಳು ಸಾಲಾಗಿ ಕೂತಿದ್ದವು. ಚೀಲಗಳ ಪಕ್ಕದಲ್ಲಿ ಅವುಗಳ ಯಜಮಾನರೂ ಕೂತಿದ್ದರು. ಸಾವಕ್ಕನಿಗೆ ಕೂರಲು ಪುರುಸೊತ್ತಿರಲಿಲ್ಲ. ಮನೆಯಲ್ಲಿ ಕೊಟ್ಟಿಗೆಯ ಹೆಂಡಿ ಬಾಚಿರಲಿಲ್ಲ, ಎಮ್ಮೆಗೆ ನೀರು ತೋರಿಸಿರಲಿಲ್ಲ, ಬೇಳೆಯನ್ನು ಒಲೆಯ ಮೇಲಿಟ್ಟೇ ಬಂದಿದ್ದಳು. ಸೆರಗನ್ನು ನಡುವಿಗೆ ಸಿಕ್ಕಿಸಿ, ಅರವತ್ತು ಕಿಲೋದ ಚೀಲವನ್ನು ತೊಡೆಗೆ ಒರಗಿಸಿ, ಎದೆಗೆ ತಂದು, ಕಾಟಾದ ಮೇಲೆ ಇಳಿಸಿ, ಸೆರಗು ಸರಿಮಾಡಿಕೊಂಡಳು.

ಬೆಂಚಿನ ಮೇಲೆ ಕೂತಿದ್ದ ಬಾಳಾಸಾಬ ಎದ್ದು ನಿಂತ. ಅವನು ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರ.

"ಅಕ್ಕಾರ, ಅದನ್ನ ಮತ್ತೊಮ್ಮಿ ಎತ್ತತೀರೇನು?"

"ಯಾಕ್ರಿ ಮಾಸ್ತರ್ರ, ಕಾಟಾ ತಪ್ಪೇತೇನು?"

ಅದು ೧೯೮೯ರ ಬೇಸಿಗೆ. ನಿಪ್ಪಾಣಿಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಸುವ ಒಂದು ಮಂಡಳಿ ಹುಟ್ಟಿಕೊಂಡಿತ್ತು. ಅದಕ್ಕೆ ಪವರ್‌ಲಿಫ್ಟಿಂಗ್ ಎನ್ನುತ್ತಿದ್ದರು. ಹೆಂಗಸರ ವಿಭಾಗವೂ ಇರಬೇಕೆಂದು ಮೇಲಿನವರು ಹೇಳಿದ್ದರಿಂದ ಬಾಳಾಸಾಬ ಊರೂರಲ್ಲಿ ಹೆಂಗಸರನ್ನು ಹುಡುಕುತ್ತಿದ್ದ. ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ಸಲಾಕೆ, ಅದಕ್ಕೆ ಸಿಕ್ಕಿಸುವ ಭಾರದ ಗಾಲಿಗಳು ಇದ್ದವು. ಎತ್ತುವ ಬಗೆ ಮೂರು ಎಂದು ಅವನು ವಿವರಿಸಿದ: ಹೆಗಲ ಮೇಲೆ ಸಲಾಕೆ ಹೊತ್ತು ಕೂತು ಏಳುವುದು, ಬೆಂಚಿನ ಮೇಲೆ ಮಲಗಿ ತಳ್ಳುವುದು, ಬಗ್ಗಿ ನೆಲದಿಂದ ಎತ್ತುವುದು.

"ಮಲಗೂದೊಂದು ಬಿಟ್ಟ ಉಳದದ್ದ ದಿನಾ ಮಾಡತೀನ್ರಿ," ಎಂದಳು ಸಾವಕ್ಕ. ಗಿರಣಿ ನಕ್ಕಿತು.

ಗಂಡ ಮಲಕಾರಿ ಬೇಡ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಅನ್ನಲಿಲ್ಲ. ಹರೆಯದಲ್ಲಿ ತಾಲೀಮಿನ ಮಣ್ಣಿನಲ್ಲಿ ಹೊರಳಾಡಿ ಒಂದು ಕುಸ್ತಿಯನ್ನೂ ಗೆಲ್ಲದವನು. ಮನೆಗೊಂದು ಪೈಲವಾನಕಿ ಬರಲಿ, ಅದು ಹೆಂಡತಿಯ ಹೆಸರಲ್ಲಾದರೂ ಬರಲಿ ಎನಿಸಿರಬೇಕು. ಅತ್ತೆ ರಾಮವ್ವ ಒಂದೇ ಮಾತು ಹೇಳಿದಳು: "ಎಲ್ಲಿ ಬೇಕಾದಲ್ಲಿ ಎತ್ತು. ಮನಿ ಕೆಲಸ ಕೆಳಗ ಬೀಳಬಾರದು."

ಮನೆ ಕೆಲಸ ಎಂದರೆ ಮುಖ್ಯವಾಗಿ ನೀರು. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಊರ ನೆಲ ಸವಳಾಗಿತ್ತು, ಬೋರಿನ ನೀರು ಬಾಯಿಗಿಡುವಂತಿರಲಿಲ್ಲ. ಕುಡಿಯಲು, ಅಡಿಗೆಗೆ, ಎಮ್ಮೆಗಳಿಗೆ, ಹಟ್ಟಿಯ ಮರಿಗಳಿಗೆ ಎಲ್ಲಕ್ಕೂ ಕೃಷ್ಣೆಯ ನೀರೇ ಆಗಬೇಕು. ಹೊಳೆಯ ದಂಡೆ ಕಡಿದು, ಕರಿಮಣ್ಣಿನದು. ಸಿಂಬಿಯ ಮೇಲೊಂದು ಕೊಡ, ಅದರ ಮೇಲೊಂದು, ಟೊಂಕದ ಮೇಲೊಂದು ಇಟ್ಟುಕೊಂಡು ಏರಬೇಕು. ಆ ಮನೆಯ ಗಂಡಸರೂ ಹೊಳೆಯ ನೀರು ಹೊರುತ್ತಿದ್ದರು, ಅಮಾವಾಸ್ಯೆಗೆ ಒಂದು ಸಲ. ಮಿಂದು, ಬರಿಗಾಲಲ್ಲಿ, ತಿಕ್ಕಿ ಬೆಳಗಿದ ತಂಬಿಗೆಯಲ್ಲಿ, ಕುಲದೇವರ ಗುಡಿಗೆ. ದೇವರ ನೀರು ಹೊತ್ತ ತಲೆಯ ಮೇಲೆ ಮನೆಯ ಕೊಡ ಇಡಬಾರದು ಎಂಬ ಕಟ್ಟಳೆ ಇತ್ತು. ಯಾರು ಮಾಡಿದ ಕಟ್ಟಳೆ ಎಂದು ಯಾವ ಹೆಂಗಸೂ ಕೇಳಿರಲಿಲ್ಲ.

ಸಾವಕ್ಕನಿಗೆ ಒಂದು ಗುಟ್ಟಿತ್ತು. ಎರಡನೆಯ ಮಗಳನ್ನು ಹಡೆದು ತಿಂಗಳು ತುಂಬುವ ಮೊದಲೇ ಅವಳು ಹೊಳೆಯ ದಂಡೆ ಏರಿದ್ದಳು. ಮೊದಲ ಬಾಣಂತನ ತವರಿನದು. ಎರಡನೆಯದಕ್ಕೆ ತವರು ಕರೆಯುವುದಿಲ್ಲ, ಅತ್ತೆಮನೆಯಲ್ಲಿ ಬಾಣಂತಿ ಏಳುವುದು ಬೇಗ. ಆ ದಿನ ಅರ್ಧ ದಂಡೆಯಲ್ಲಿ ಒಳಗಿನಿಂದ ಏನೋ ಜಾರಿ ಕೆಳಗಿಳಿದು ನಿಂತಿತು. ಅಂಗ ಇಳಿಯುವುದು ಎಂದು ಆ ಕಡೆಯ ಹೆಂಗಸರು ಅನ್ನುತ್ತಾರೆ, ಅದೂ ಪಿಸುಮಾತಿನಲ್ಲಿ. ಗರ್ಭಚೀಲ ಇದ್ದಲ್ಲಿ ಇರದೆ ಹೊರಬಾಗಿಲಿಗೆ ಬಂದು ಕೂರುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ, ಕೊಡ ಹೊತ್ತರೆ ಮತ್ತೆ ಬರುತ್ತದೆ. ಸಾವಕ್ಕ ಅದನ್ನು ಬಟ್ಟೆಯಿಂದ ಒತ್ತಿ, ಕಚ್ಚೆ ಬಿಗಿದು ಕೆಲಸಕ್ಕೆ ಹೋಗುವುದನ್ನು ಕಲಿತಿದ್ದಳು. ಗಂಡನಿಗೆ ಹೇಳಿರಲಿಲ್ಲ. ಹೇಳಲು ಅಂಥದ್ದೊಂದು ಮಾತೇ ಅವರ ನಡುವೆ ಇರಲಿಲ್ಲ.

ಹಾಗಿದ್ದವಳು ಶೆಡ್ಡಿಗೆ ಯಾಕೆ ಹೋದಳು? ಅಲ್ಲಿ ಎತ್ತಿದ್ದನ್ನು ಯಾರೋ ನೋಡುತ್ತಿದ್ದರು, ಅದಕ್ಕೆ. ಅಲ್ಲಿ ಎತ್ತಿ ಇಳಿಸಿದ ಮೇಲೆ ಭಾರ ಅಲ್ಲೇ ಉಳಿಯುತ್ತಿತ್ತು. ಅದನ್ನು ಸೋಸಬೇಕಿಲ್ಲ, ತುಂಬಬೇಕಿಲ್ಲ, ಬಡಿಸಬೇಕಿಲ್ಲ. "ಭಲೇ ಅಕ್ಕಾರ" ಎಂದು ಬಾಳಾಸಾಬ ಕೂಗಿದಾಗ ಅವಳಿಗೆ ಮೈಯೆಲ್ಲ ಬಿಸಿಯಾಗುತ್ತಿತ್ತು. ಹುಟ್ಟಿದಾಗಿನಿಂದ ಎತ್ತಿದವಳಿಗೆ ಭಲೇ ಎಂದವನು ಅವನೊಬ್ಬನೇ.

"ಉಸಿರ ಹಿಡದು ಹೊಟ್ಟಿ ಬಿಗಿ ಮಾಡ್ರಿ, ಆಮ್ಯಾಲ ಏಳ್ರಿ," ಎಂದು ಅವನು ಕಲಿಸಿದ.

ಸಾವಕ್ಕನಿಗೆ ಗೊತ್ತಿದ್ದದ್ದು ಉಸಿರು ಹಿಡಿಯುವ ಒಂದೇ ಬಗೆ. ಎರಡು ಹೆರಿಗೆಯಲ್ಲೂ ಸೂಲಗಿತ್ತಿಯರು ಕಿವಿಯಲ್ಲಿ ಕೂಗಿ ಕಲಿಸಿದ್ದು: ಗದ್ದ ಎದೆಗೆ ಹಚ್ಚು, ಹಲ್ಲು ಕಚ್ಚು, ಕೆಳಗ ಮುಕ್ಕು. ಅವಳು ಹಾಗೇ ಕೆಳಕ್ಕೆ ಒತ್ತಿ, ಮುಕ್ಕಿ ಎದ್ದಳು. ಶೆಡ್ಡಿನಲ್ಲಿದ್ದ ಒಂದೇ ಒಂದು ಚರ್ಮದ ಪಟ್ಟಿ ಗಂಡು ಹುಡುಗರ ಬೆವರು ಕುಡಿದು ಕಪ್ಪಾಗಿತ್ತು. ಅದನ್ನು ಕಟ್ಟಲು ನಾಚಿ, ಅವಳು ಪೆಟ್ಟಿಗೆಯಿಂದ ತನ್ನ ಬಾಣಂತಿ ಬಟ್ಟೆ ತೆಗೆದಳು. ಹಡೆದ ಮೇಲೆ ಹೊಟ್ಟೆ ಜೋಲಬಾರದು, ಗಾಳಿ ಹೊಗಬಾರದು ಎಂದು ಹಳೆಯ ಸೀರೆ ಹರಿದು ಎದೆಯ ಕೆಳಗಿನಿಂದ ಸುತ್ತಿ ಸುತ್ತಿ ಕಟ್ಟುತ್ತಾರಲ್ಲ, ಆ ಬಟ್ಟೆ. ಅದನ್ನು ಮೇಲಿನಿಂದ ಕೆಳಕ್ಕೆ ಬಿಗಿದುಕೊಂಡು ಸಲಾಕೆಯ ಕೆಳಗೆ ಕೂತಳು. ಎದ್ದಾಗ ಅಂಗ ಇಳಿದಿತ್ತು.

ಬಿಗಿ ಸಾಲಲಿಲ್ಲ ಎಂದುಕೊಂಡಳು. ಮರುದಿನ ಇನ್ನೊಂದು ಸುತ್ತು ಹೆಚ್ಚು ಬಿಗಿದಳು.

ಮಳೆಗಾಲ ಹೋಯಿತು, ಸಲಾಕೆಗೆ ಗಾಲಿಗಳು ಏರುತ್ತ ಹೋದವು. ಊರಿಗೆ ಸುದ್ದಿ ಹರಡಿತು. ಸುದ್ದಿ ಹರಡಿದ ಹಾಗೆ ಮನೆಯಲ್ಲಿ ಇನ್ನೊಂದು ಭಾರವೂ ಏರಿತು. ಹಿಂಡಿಯ ಚೀಲ ಇಳಿಸಲು ಬರುತ್ತಿದ್ದ ಆಳನ್ನು ಮೈದುನ ಹಾಲಸಿದ್ದ ಬಿಡಿಸಿದ. "ವೈನಿ ಇದ್ದಾಳಲ್ಲ! ನಿಪ್ಪಾಣಿಗೆ ಹೊಂಟಾಕಿಗೆ ಇದೊಂದು ಚೀಲ ಏನ ಲೆಕ್ಕ?" ಕಬ್ಬಿನ ಹೊರೆ ಗಾಡಿಗೆ ಏರಿಸಲು ಪಕ್ಕದ ಹೊಲದವರೂ ಕರೆದರು, ಮಲಕಾರಿ ಹೆಮ್ಮೆಯಿಂದ ಕಳಿಸಿದ. ನಿಂತು ನೋಡುವವರಿಗೆ "ನಮ್ಮ ಹೇಣ್ತಿ" ಎಂದು ತೋರಿಸಿದ. ತನ್ನ ಬಲ ತನ್ನದಲ್ಲ, ಮನೆಯ ಎತ್ತಿನಂತೆ ಅದಕ್ಕೂ ಒಂದು ಗೂಟ ಇದೆ ಎಂದು ಸಾವಕ್ಕನಿಗೆ ತಿಳಿಯುತ್ತ ಬಂತು.

ಮರುವರ್ಷದ ಮಳೆಗಾಲದ ಒಂದು ಸಂಜೆ ಶೆಡ್ಡಿನಲ್ಲಿ ಕೂತವಳು ಎದ್ದಳು, ಸಲಾಕೆ ಇಟ್ಟಳು, ತೊಡೆಯ ಒಳಗೆ ಬೆಚ್ಚಗೆ ಹರಿದದ್ದು ತಿಳಿಯಿತು. ರಕ್ತ. ಅಂಗ ಒಳಗೆ ಹೋಗಲಿಲ್ಲ. ಗೋಡೆ ಹಿಡಿದು ನಿಂತಳು.

"ಏನಾತ್ರಿ ಅಕ್ಕಾರ?"

"ಕಾಲ ಉಳಕೇತ್ರಿ ಮಾಸ್ತರ್ರ."

ಮರುದಿನ ಸಂತೆಯ ನೆಪ ಹೇಳಿ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದಳು. ಡಾಕ್ಟರಬಾಯಿ ನೋಡಿ, ಕೈ ತೊಳೆಯುತ್ತ, ಬೆನ್ನು ತಿರುಗಿಸಿಯೇ ಕೇಳಿದರು:

"ಎಂದಿನಿಂದ ಐತಿ?"

"ಸಣ್ಣ ಮಗಳು ಹುಟ್ಟಿದಾಗಿಂದ್ರಿ. ಅಕಿ ಈಗ ಸಾಲಿಗೆ ಹೊಂಟಾಳ್ರಿ."

"ಇಷ್ಟ ವರ್ಷ ಏನ ಮಾಡಾಕತ್ತಿದ್ದಿ?"

"ಒಳಗ ನೂಕ್ಕೋತ ಇದ್ನ್ರಿ."

ಹೊಟ್ಟೆಯ ಮೇಲೆ ಬರೆ ಎಳೆದಂತೆ ಕೂತಿದ್ದ ಗೆರೆಗಳನ್ನು ಅವರು ಮುಟ್ಟಿ ನೋಡಿದರು. ಸಾವಕ್ಕ ಬಟ್ಟೆಯ ವಿಷಯ ಹೇಳಿದಳು, ಶೆಡ್ಡಿನ ವಿಷಯ ಹೇಳಿದಳು. ಉಸಿರು ಹೇಗೆ ಹಿಡಿಯುತ್ತೀ ತೋರಿಸು ಎಂದಾಗ ತೋರಿಸಿದಳು. ಡಾಕ್ಟರಬಾಯಿ ಕುರ್ಚಿಯಲ್ಲಿ ಕೂತುಬಿಟ್ಟರು.

"ಚೀಲದ ನಡುವಿಗೆ ಹಗ್ಗ ಬಿಗದು ಮ್ಯಾಲಿಂದ ಒತ್ತಿದ್ರ ಕಾಳು ಎತ್ತ ಹೋಗತಾವ?"

"ತಳಕ್ಕ್ರಿ."

"ತಳಾ ಹರದ ಚೀಲ ಆದ್ರ?"

ಸಾವಕ್ಕನ ಕೈ ಕಿಬ್ಬೊಟ್ಟೆಗೆ ಹೋಯಿತು.

"ಭಾರ ಮ್ಯಾಲ ಎತ್ತಾಕತ್ತಿ, ಒಳಗಿಂದು ಕೆಳಗ ಹಡಿಯಾಕತ್ತಿ. ಇನ್ನ ಭಾರ ಎತ್ತೂದು ಬಂದ್."

"ಯಾವ ಭಾರ್ರೀ?"

ಡಾಕ್ಟರಬಾಯಿ ನಗಲು ಹೊರಟವರು ಅವಳ ಮುಖ ನೋಡಿ ನಿಂತರು. ದಿನಕ್ಕೆ ಏನೇನು ಹೊರುತ್ತೀ ಎಂದು ಕೇಳಿದರು. ಸಾವಕ್ಕ ಹೇಳಲು ಹೋಗಿ ತಡವರಿಸಿದಳು. ಕೊಡ ಹೊರುವುದು ಭಾರ ಎತ್ತುವುದರಲ್ಲಿ ಬರುತ್ತದೆಂದು ಅವಳೂ ಎಂದೂ ಎಣಿಸಿರಲಿಲ್ಲ. ನೆನೆದು ನೆನೆದು ಹೇಳುತ್ತ ಹೋದಂತೆ ಅವಳ ದನಿಯೇ ಅವಳಿಗೆ ಭಯ ಹುಟ್ಟಿಸಿತು.

ಕೊನೆಗೆ ಡಾಕ್ಟರಬಾಯಿ ರಬ್ಬರಿನ ಬಳೆಯೊಂದನ್ನು ಒಳಗಿಟ್ಟು ಅಂಗವನ್ನು ಮೇಲೆ ನಿಲ್ಲಿಸಿದರು. ಇಂದಲ್ಲ ನಾಳೆ ಆಪರೇಶನ್ ಆಗಬೇಕು ಎಂದರು. ಎರಡು ತಿಂಗಳು ಪೂರಾ ವಿಶ್ರಾಂತಿ, ಆಮೇಲೆ ಬೇಕೇ ಬೇಕೆಂದರೆ ಸಣ್ಣ ಗಾಲಿಯಿಂದ ಸಲಾಕೆ. ಬಟ್ಟೆ ಕಟ್ಟಬಾರದು, ಏಳುವಾಗ ಉಸಿರು ಹೊರಗೆ ಬಿಡಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು.

"ಆದ್ರ ಅದೂ ಎತ್ತತೀನಿ, ಕೊಡಾನೂ ಹೊರತೀನಿ, ಕಬ್ಬೂ ಹೊರತೀನಿ ಅಂದ್ರ ನನ್ನ ಹಂತ್ಯಾಕ ಬರಬ್ಯಾಡ. ನಿನ್ನ ಮೈಯಾಗ ಸ್ವಲ್ಪ ಉಳದೈತಿ. ಎಲ್ಲಿ ಹಾಕತಿ ನೀನ ನೋಡು."

ಸಂಜೆ ಊಟದ ಹೊತ್ತಿಗೆ ಸಾವಕ್ಕ ಎಲ್ಲರ ಮುಂದೆ ಹೇಳಿದಳು. ರೋಗದ ಹೆಸರು ಹೇಳಲಿಲ್ಲ. ಒಳಗೆ ಇಳಿದಿದೆ, ಭಾರ ಹೊರಬಾರದಂತೆ ಎಂದಳು. ಮಲಕಾರಿ ರೊಟ್ಟಿ ಮುರಿಯುತ್ತ ತಲೆಯಾಡಿಸಿದ.

"ಹೋಗ್ಲಿ ಬಿಡು. ನಾಳಿಂದ ಆ ಸಲಾಕಿ ಬಿಟ್ಟಬಿಡು."

"ಸಲಾಕಿ ಅಲ್ಲ. ಕೊಡ ಬಿಡತೀನಿ."

ಹಾಲಸಿದ್ದ ಜೋಕು ಎಂದುಕೊಂಡು ನಕ್ಕ. ಉಳಿದವರು ನಗಲಿಲ್ಲ. ಒಳಗೆ ತೊಟ್ಟಿಲು ತೂಗುತ್ತಿದ್ದ ಅವನ ಹೆಂಡತಿ ಕೆಂಪವ್ವನ ಕೈ ನಿಂತಿತು. ಅವಳು ಎರಡನೆಯದನ್ನು ಹಡೆದು ಇನ್ನೂ ಎದ್ದಿರಲಿಲ್ಲ.

ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ರಾಮವ್ವ ಸೊಸೆಯನ್ನು ನಿಲ್ಲಿಸಿದಳು. ಬಯ್ಯುತ್ತಾಳೆ ಎಂದು ಸಾವಕ್ಕ ಕಾದಳು. ಮುದುಕಿ ಬಯ್ಯಲಿಲ್ಲ, ದನಿ ತಗ್ಗಿಸಿದಳು.

"ನಿನಗೊಬ್ಬಾಕಿಗೇ ಐತೇನು ಅದು? ನನಗ ಹಾಲಸಿದ್ದ ಹುಟ್ಟಿದಾಗಿಂದ ಐತಿ. ನಮ್ಮತ್ತಿಗೂ ಇತ್ತು. ಸತ್ತಾಗ ಮೈ ತೊಳಿಯೂ ಮುಂದ ನೋಡೇನಿ. ಯಾರಿಗೂ ಹೇಳಲಿಲ್ಲ. ಅಕಿನ್ನ ಮಣ್ಣಾಗ ಇಟ್ರು, ಅದೂ ಮಣ್ಣಾಗ ಹೋತು." ಎಮ್ಮೆಯ ಬೆನ್ನ ಮೇಲೆ ಕೈಯಾಡಿಸಿದಳು. "ನೀರ ಯಾರ ತರತಾರ, ಅಷ್ಟ ಹೇಳು."

ಸಾವಕ್ಕನಿಗೆ ಅತ್ತೆಯ ನಡಿಗೆ ನೆನಪಾಯಿತು. ಕಾಲು ಅಗಲಿಸಿ, ಒಂದು ಕಡೆ ವಾಲಿ ನಡೆಯುವ ನಡಿಗೆ. ವಯಸ್ಸಿನದು ಎಂದುಕೊಂಡಿದ್ದಳು. ಆ ಓಣಿಯ ಎಷ್ಟು ಮುದುಕಿಯರು ಹಾಗೆ ನಡೆಯುತ್ತಾರೆ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟಳು.

ಆದರೂ ಅವಳು ಕೊಡ ಮುಟ್ಟಲಿಲ್ಲ. ರೊಟ್ಟಿ ತಟ್ಟಿದಳು, ಪಾತ್ರೆ ಬೆಳಗಿದಳು, ಹಾಲು ಹಿಂಡಿದಳು, ಕೂತು ಮಾಡುವುದನ್ನೆಲ್ಲ ಮಾಡಿದಳು. ನೀರು ಒಂದು ದಿನ ತಡವಾಯಿತು, ಎರಡು ದಿನ ಜಗಳವಾಯಿತು. ಆಮೇಲೆ ಜಗಳ ನಿಂತಿತು, ಹಂಡೆ ಮೊದಲಿನ ಹಾಗೇ ತುಂಬತೊಡಗಿತು. ತುಂಬುತ್ತಿದ್ದವಳು ಕೆಂಪವ್ವ. ಬಾಣಂತಿಕೋಣೆಯಿಂದ ಅವಳನ್ನು ಹತ್ತು ದಿನ ಮೊದಲೇ ಎಬ್ಬಿಸಿದ್ದರು. "ಬ್ಯಾಡ" ಎಂದು ಸಾವಕ್ಕ ತಡೆದಳು, "ನೀ ಹೊರತಿ ಹಂಗಾರ?" ಎಂದ ಹಾಲಸಿದ್ದ. ಸಾವಕ್ಕ ಗಂಡನ ಕಡೆ ನೋಡಿದಳು. ಅವನು ಅಮಾವಾಸ್ಯೆಯ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ.

ಎರಡು ತಿಂಗಳ ಮೇಲೆ ಅವಳು ಶೆಡ್ಡಿಗೆ ಹೋದಳು. ಬಾಳಾಸಾಬನಿಗೆ ಅರ್ಧ ಹೇಳಿದಳು, ಅವನು ಉಳಿದರ್ಧ ಕೇಳಲಿಲ್ಲ. ಬರಿ ಸಲಾಕೆಯಿಂದ ಸುರು ಮಾಡಿದಳು. ಏಳುವಾಗ ಉಸಿರು ಬಿಡುವುದು ಮೊದಮೊದಲು ಸೋತಂತೆ ಅನಿಸಿತು. ಬರಬರುತ್ತ ಮೈ ಹಗುರಾಯಿತು. ಆದರೆ ಪ್ರತಿ ಸಲ ಬಗ್ಗಿದಾಗಲೂ ಕಣ್ಣ ಮುಂದೆ ಕರಿಮಣ್ಣಿನ ದಂಡೆ ಏರುವ ಕೆಂಪವ್ವ ಬರುತ್ತಿದ್ದಳು. ತಾನು ಇಳಿಸಿದ ಭಾರ ನೆಲ ಮುಟ್ಟಿರಲಿಲ್ಲ.

ಸ್ಪರ್ಧೆ ೧೯೯೧ರ ಜನವರಿಯಲ್ಲಿ, ಒಂದು ಶನಿವಾರ. ಚೀಲ ಹಿಡಿದು ಬಸ್ಸಿಗೆ ಹೊರಟ ಸಾವಕ್ಕ ದಂಡೆಯ ದಾರಿಯಲ್ಲಿ ಕೆಂಪವ್ವನನ್ನು ಕಂಡಳು. ಅರ್ಧ ಏರಿನಲ್ಲಿ ಕೊಡ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಳು. ಅಲ್ಲಿ ಯಾರೂ ಕೊಡ ಇಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಡುವವರು ಬೇಕು.

"ಅಕ್ಕಾ, ಏನೋ ಇಳದಂಗ ಆತು ನೋಡು," ಎಂದಳು. ಮುಖ ಬೂದಿಯಾಗಿತ್ತು.

ಸಾವಕ್ಕ ಕೊಡಗಳನ್ನು ಅಲ್ಲೇ ಚೆಲ್ಲಿದಳು. ಅವಳ ಕೈ ಹಿಡಿದು ಮನೆಗೆ ಬಂದು, ಕೂಸನ್ನು ಸೆರಗಿನಲ್ಲಿ ಸುತ್ತಿ ಅವಳ ಮಡಿಲಿಗೆ ಕೊಟ್ಟು, ಹೊರಗೆ ನಡೆಸಿದಳು.

ಹೊಸ್ತಿಲಲ್ಲಿ ರಾಮವ್ವ, "ಇಬ್ಬರೂ ಹೊಂಟ್ರೇನು? ಹಂಡೆ ತಳ ಕಂಡೈತಿ," ಎಂದಳು.

"ಗಂಡಸ್ರು ಅದಾರಲ್ಲ ಮನ್ಯಾಗ."

ಕಟ್ಟೆಯ ಮೇಲೆ ಗಡ್ಡ ಕೆರೆಯುತ್ತಿದ್ದ ಮಲಕಾರಿ ಕನ್ನಡಿಯಿಂದ ಕಣ್ಣು ತೆಗೆಯದೆ, "ಸಂಜೀಕ ಬರತಾರ ತಗೋಬೇ, ನಡೀತೈತಿ," ಎಂದ.

ಚಿಕ್ಕೋಡಿಯಲ್ಲಿ ಇಳಿದರು. ಡಾಕ್ಟರಬಾಯಿ ಕೆಂಪವ್ವನನ್ನು ನೋಡಿ, ಈಗಷ್ಟೇ ಸುರುವಾಗಿದೆ, ಮೂರು ತಿಂಗಳು ತಂಬಿಗೆಗಿಂತ ದೊಡ್ಡದೇನನ್ನೂ ಎತ್ತದಿದ್ದರೆ ತನ್ನ ಜಾಗಕ್ಕೆ ಹೋಗುತ್ತದೆ ಎಂದರು. ಎತ್ತಿದರೆ ಏನಾಗುತ್ತದೆ ಎಂದು ಕೆಂಪವ್ವ ಕೇಳಲಿಲ್ಲ; ಸಾವಕ್ಕನ ಮುಖ ನೋಡಿದಳು. ಅವಳನ್ನು ಒಬ್ಬಳನ್ನೇ ಊರಿಗೆ ಕಳಿಸಿದರೆ ಸಂಜೆಯೊಳಗೆ ತಲೆಯ ಮೇಲೆ ಕೊಡ ಇರುತ್ತದೆ. ಸಾವಕ್ಕ ಅವಳನ್ನೂ ಕೂಸನ್ನೂ ನಿಪ್ಪಾಣಿಯ ಬಸ್ಸಿಗೆ ಹತ್ತಿಸಿದಳು.

ಸಭಾಗೃಹದ ಮೆಟ್ಟಿಲ ಮೇಲೆ ಬಾಳಾಸಾಬ ಕುದಿಯುತ್ತಿದ್ದ. "ಅಕ್ಕಾರ, ತೂಕ ನೋಡೂದು ಬಂದ್ ಮಾಡಾಕತ್ತಾರ್ರೀ! ಇದ್ಯಾರು? ಕೂಸು ಯಾರದು?"

"ನಮ್ಮ ಮಂದಿ. ಕೂಡ್ರಾಕ ಒಂದ ಕುರ್ಚಿ ಕೊಡಸ್ರಿ."

ಸಾವಕ್ಕನ ಮೈಮೇಲೆ ಶಾಲೆಯ ಹುಡುಗಿಯರ ಆಟದ ಪ್ಯಾಂಟು, ಮೇಲೊಂದು ಬನಿಯನ್. ಜನ ಶಿಳ್ಳೆ ಹಾಕಿದರು, "ಅರೇ ಮಾವಶಿ ಆಲೀ," ಚಿಕ್ಕಮ್ಮ ಬಂದಳು ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಸಾವಕ್ಕ ಕೂತು ಎದ್ದಳು, ಮಲಗಿ ತಳ್ಳಿದಳು. ಬಗ್ಗಿ ಎತ್ತುವುದರಲ್ಲಿ ಎರಡನೆಯ ಸಲ ಒಂದು ಕ್ವಿಂಟಲ್ ನೆಲ ಬಿಟ್ಟಿತು. ಶಿಳ್ಳೆ ನಿಂತಿತು. ಮೂರನೆಯ, ಕೊನೆಯ ಸಲ ಇನ್ನು ಹತ್ತು ಕಿಲೋ ಹೆಚ್ಚು ಎತ್ತಿದರೆ ಮೊದಲನೆಯ ಸ್ಥಾನ ಎಂದು ಬಾಳಾಸಾಬ ಬೆರಳು ಮಡಿಸಿ ಹೇಳಿದ. ಎತ್ತಬಲ್ಲೆ ಎಂದು ಅವಳ ತೊಡೆಗಳಿಗೆ ಗೊತ್ತಿತ್ತು. ಉಸಿರು ಬಿಡದೆ, ಹಲ್ಲು ಕಚ್ಚಿ, ಮುಕ್ಕಿ. ಒಳಗೆ ಬಳೆ ಒಂದಿಷ್ಟು ಓರೆಯಾದದ್ದೂ ಗೊತ್ತಿತ್ತು.

"ಇಷ್ಟ ಸಾಕ್ರಿ," ಎಂದಳು.

"ಹುಚ್ಚ ಹಿಡದೈತೇನ್ರಿ? ಒಂದನೇ ನಂಬರ್ರೀ!"

"ಎರಡನೇದೂ ನಂಬರ್ರ ಅಲ್ಲೇನ್ರಿ ಮಾಸ್ತರ್ರ?"

ಸಂಜೆ ಅಂಕಲಿಯಲ್ಲಿ ಬಸ್ಸಿನಿಂದ ಇಳಿದಾಗ ಹಾಲಸಿದ್ದ ಸ್ಟ್ಯಾಂಡಿನಲ್ಲಿ ನಿಂತಿದ್ದ. "ವೈನಿ, ಅವ್ವ... ಹೊಳಿ ದಂಡ್ಯಾಗ..."

ನೀರಿಲ್ಲದ ಹಂಡೆಯನ್ನು ಮಧ್ಯಾಹ್ನದತನಕ ನೋಡಿ ರಾಮವ್ವ ತಾನೇ ಕೊಡ ಎತ್ತಿಕೊಂಡು ಹೋಗಿದ್ದಳು. ಗಂಡುಮಕ್ಕಳಿಬ್ಬರೂ ಮನೆಯಲ್ಲೇ ಇದ್ದರು. ತಾಯಿ ಹೊರಟದ್ದನ್ನು ನೋಡಿಯೂ ಇದ್ದರು. ಅದರಲ್ಲಿ ನೋಡುವಂಥದ್ದೇನೂ ಅವರಿಗೆ ಕಂಡಿರಲಿಲ್ಲ. ಹೊತ್ತು ಇಳಿಯುವಾಗ ಹುಡುಕಿ ಹೋದರೆ ಮುದುಕಿ ಏರಿನಲ್ಲಿ ಬಿದ್ದಿದ್ದಳು. ಸೀರೆಯ ಕೆಳಗೆ ಕರಿಮಣ್ಣು ಕೆಂಪಾಗಿತ್ತು. ಮಲಕಾರಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ದಂಡೆ ಏರಿದ. ತಂಬಿಗೆ ಬಿಟ್ಟರೆ ಅವನು ಹೊಳೆಯಿಂದ ಹೊತ್ತು ತಂದ ಮೊದಲ ಭಾರ ಅದು.

ಮಿರಜಕ್ಕೆ ಹೋಗುವ ಜೀಪಿನಲ್ಲಿ ರಾಮವ್ವ ಸಾವಕ್ಕನ ಮಣಿಕಟ್ಟು ಬಿಡಲಿಲ್ಲ. "ನೀ ಬಿಟ್ಟಿ, ಅದು ನನ್ನ ಹಿಡೀತು," ಎಂದಳು. ಸುಳ್ಳು ಎನ್ನಲು ಸಾವಕ್ಕನಿಗೆ ಬಾಯಿ ಬರಲಿಲ್ಲ, ನಿಜ ಎನ್ನಲು ಮನಸ್ಸು ಒಪ್ಪಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರರು, ಎಂದಿನಿಂದ ಹೀಗಿದೆ ಎಂದು ಕೇಳಿದರು. ಮುದುಕಿ ಕಿರಿಯ ಮಗನ ವಯಸ್ಸು ಹೇಳಿದಳು. ಮಕ್ಕಳಿಬ್ಬರೂ ಅಲ್ಲೇ ನಿಂತು ಕೇಳಿದರು. ಆಪರೇಶನ್ನಿಗೆ ಒಳಗೆ ಒಯ್ದ ಮೇಲೆ ಮಲಕಾರಿ ಗೋಡೆಗೆ ಒರಗಿ ಸಾವಕ್ಕನ ಕಡೆ ತಿರುಗಿದ.

"ನಿನಗೂ ಹಿಂಗ ಆಗತೈತೇನು?"

"ಆಗೇತಿ ಅಂತ ಅವತ್ತ ಊಟಕ್ಕ ಕುಂತಾಗ ಹೇಳಿದ್ನಲ್ಲ."

"ನಾ ಕಬ್ಬಿಣದಿಂದ ಅಂತ ತಿಳದಿದ್ದೆ."

ರಾಮವ್ವ ಬದುಕಿದಳು. ಸಾವಕ್ಕ ಕೆಂಪವ್ವನನ್ನು ಐನಾಪುರದ ತವರಿಗೆ ತಾನೇ ಬಿಟ್ಟು ಬಂದಳು. ಎರಡನೆಯ ಬಾಣಂತನಕ್ಕೆ ತವರಿಗೆ ಬಂದವಳೆಂದು ಅಲ್ಲಿಯವರೂ ಮುಖ ಸೊಟ್ಟ ಮಾಡಿದರು. ಅಂಕಲಿಯಲ್ಲಿ ಹಾಲಸಿದ್ದ ಗಾಡಿಗೆ ಬ್ಯಾರಲ್ ಕಟ್ಟಿ ನೀರು ತರುತ್ತಿದ್ದ, ಎದುರಿಗೆ ಯಾರಾದರೂ ಬಂದರೆ ಎತ್ತುಗಳಿಗೆ ಬಯ್ಯುತ್ತಿದ್ದ. "ಸೊಸಿ ಕಬ್ಬಿಣ ಎತ್ತಿದ್ಲು, ಅತ್ತಿ ನೆಲಾ ಹಿಡದ್ಲು" ಎಂದು ಓಣಿಯಲ್ಲಿ ಮಾತು ಹುಟ್ಟಿತು. ಸಾವಕ್ಕ ಆ ಮಾತಿನ ನಡುವೆಯೇ ಹಾಯ್ದು ಶೆಡ್ಡಿಗೆ ಹೋದಳು. ಮುಂದಿನ ಸ್ಪರ್ಧೆ ಅಥಣಿಯಲ್ಲಿತ್ತು. ಬಳೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಡಾಕ್ಟರಬಾಯಿ ಎರಡು ಸಲ ಹೇಳಿದ್ದರು.

ರಾಮವ್ವ ಈಗ ದಿನವಿಡೀ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಬ್ಯಾರಲ್ಲಿನ ನೀರಿಗೆ ತಗಡಿನ ವಾಸನೆ ಎಂದು ಗೊಣಗುತ್ತಿದ್ದಳು. ದಿನಕ್ಕೊಮ್ಮೆ, ಬಿಸಿಲು ಇಳಿಯುವ ಹೊತ್ತಿಗೆ, ತಪ್ಪದೆ ಕೇಳುತ್ತಿದ್ದಳು:

"ಕೆಂಪವ್ವ ಎಂದ ಬರತಾಳ?"

ಅವಳು ಕೇಳಿದಾಗಲೆಲ್ಲ ಬ್ಯಾರಲ್ ಇಳಿಸುತ್ತಿದ್ದ ಹಾಲಸಿದ್ದನೂ ಕೈ ತಡೆದು, ಉತ್ತರಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದ.